ತನಿಯಪ್ಪ ಹತ್ತು ಚಕ್ರದಿಂದ ಇಳಿದದ್ದು

ಗುವಾಹಟಿಗೆ ಲಾರಿಯ ಲೋಡು ಮುಟ್ಟಿಸಿ ತನಿಯಪ್ಪ ದಿಲ್ಲಿಯ ಕಿದ್ವಾಯಿ ನಗರದ ಮನೆಗೆ ಬಂದಾಗ ಬಾಗಿಲು ತೆರೆದವಳು ಮೂರು ವರ್ಷದ ಮಗಳು ನಿರೀಕ್ಷಾ. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿ, "ಬೈಠಿಯೇ" ಎಂದಳು. ಒಳಗೆ ಹೋಗಿ "ಮಮ್ಮಿ, ಕೋಯೀ ಅಂಕಲ್ ಆಯೇ ಹೈಂ" ಎಂದು, ಯಾರೋ ಅಂಕಲ್ ಬಂದ ಸುದ್ದಿ ಮುಟ್ಟಿಸಿದಳು. ಆಮೇಲೆ ಸ್ಟೀಲ್ ಲೋಟದಲ್ಲಿ ನೀರು ತಂದಳು. ಅರ್ಧ ನೆಲಕ್ಕೆ ಹೋಗಿತ್ತು, ಅರ್ಧ ಲೋಟದಲ್ಲಿತ್ತು. ಮನೆಗೆ ಬಂದವರನ್ನು ಹೀಗೆ ಕಾಣಬೇಕೆಂದು ಅವನ ಹೆಂಡತಿ ನೀಲಾವತಿಯೇ ಕಲಿಸಿದ್ದಳು. ತನಿಯಪ್ಪ ನೀರು ಕುಡಿದ. ಮಗಳು ಚೆನ್ನಾಗಿ ಬೆಳೆಯುತ್ತಿದ್ದಾಳೆ ಎಂದು ಒಂದು ಗಳಿಗೆ ಖುಷಿಯೂ ಆಯಿತು.

"ಅಪ್ಪ ಅಲ್ವಾ ಪುಟ್ಟಿ? ಫೋಟೋದಲ್ಲಿ ತೋರಿಸ್ತೇನಲ್ಲ ದಿನಾ!" ಎನ್ನುತ್ತ ನೀಲಾವತಿ ಹೊರಗೆ ಬಂದಳು.

ಮಗು ಗೋಡೆಯ ಮೇಲಿನ ಮದುವೆ ಫೋಟೋ ನೋಡಿತು, ಕುರ್ಚಿಯ ಮೇಲಿದ್ದವನನ್ನು ನೋಡಿತು. ಫೋಟೋದವನಿಗೆ ಪೇಟ ಇತ್ತು. ಇವನಿಗೆ ಇರಲಿಲ್ಲ.

"ಆಪ್ ಕಬ್ ಜಾಯೇಂಗೇ?" ಎಂದು, ಅವನು ಹೋಗುವುದು ಯಾವಾಗ ಎಂದು ಬಹಳ ವಿನಯದಿಂದ ಕೇಳಿತು.

ಆ ವಾರವೇ ತನಿಯಪ್ಪ ದೂರದ ಲೈನು ಬಿಟ್ಟ. ಕಾರ್ಕಳದ ಕಡೆಯಿಂದ ಕ್ಲೀನರ್ ಆಗಿ ಲಾರಿ ಹತ್ತಿದವನು ದಿಲ್ಲಿಗೆ ಬಂದು, ಒಬ್ಬ ಸರ್ದಾರ್ಜಿಯ ಹತ್ತು ಚಕ್ರದ ಗಾಡಿಗೆ ಡ್ರೈವರ್ ಆಗಿ, ಅರ್ಧ ದೇಶ ನೋಡಿದ್ದ. ಈಗ ಮನೆಗೆ ಹತ್ತಿರವೇ ಬೇಕೆಂದು ತುಘಲಕಾಬಾದಿನ ಡಿಪೋದಿಂದ ದಿಲ್ಲಿಯೊಳಗಿನ ಗೋದಾಮುಗಳಿಗೆ ಮಾಲು ಹಾಕುವ ಕೆಲಸ ಹಿಡಿದ. ಅಲ್ಲೂ ಹತ್ತು ಚಕ್ರವೇ. ಮನೆಗೆ ಸಿಟಿ ಬಸ್ಸಿನ ದಾರಿ.

ಆದರೆ ಹಗಲಲ್ಲಿ ದಿಲ್ಲಿಯೊಳಗೆ ದೊಡ್ಡ ಲಾರಿ ಬಿಡುವುದಿಲ್ಲ. ಇದು ತನಿಯಪ್ಪನಿಗೆ ಗೊತ್ತಿಲ್ಲದ ವಿಷಯವಲ್ಲ. ನೋ ಎಂಟ್ರಿ ಎಷ್ಟೊತ್ತಿಗೆ ತೆರೆದೀತೆಂದು ಗಡಿಯಲ್ಲಿ ಲಾರಿ ನಿಲ್ಲಿಸಿ, ಸ್ಟವ್ ಹಚ್ಚಿ, ಅನ್ನ ಬೇಯಿಸಿಕೊಂಡು ಉಂಡವನೇ ಅವನು. ಕೆಲಸ ಆರಿಸುವಾಗ ಮಾತ್ರ ದಾರಿಯ ದೂರ ನೋಡಿದನೇ ಹೊರತು ಹೊತ್ತು ನೋಡಲಿಲ್ಲ. ಹಾಗಾಗಿ ನಿರೀಕ್ಷಾ ಮಲಗುವಾಗ ಅವನು ಹೊರಡುತ್ತಿದ್ದ, ಅವಳು ಏಳುವಷ್ಟರಲ್ಲಿ ಬಂದು ಮಲಗಿರುತ್ತಿದ್ದ. ಇದ್ದದ್ದು ಒಂದೇ ಕೋಣೆ. ತಾಯಿ ಮಗಳು ಹಗಲಿಡೀ ತುದಿಗಾಲಲ್ಲಿ ಓಡಾಡಿದರು. ಕುಕ್ಕರ್ ಸೀಟಿ ಹೊಡೆಯುವ ಮೊದಲೇ ನೀಲಾವತಿ ಓಡಿಹೋಗಿ ಗ್ಯಾಸ್ ಸಣ್ಣ ಮಾಡುತ್ತಿದ್ದಳು.

ಮುಂದಿನ ಕ್ವಾರ್ಟರ್ಸಿನ ವಿಮಲಕ್ಕ ಒಂದು ದಿನ ಬಟ್ಟೆ ಒಣಹಾಕುವಲ್ಲಿ ನೀಲಾವತಿಯನ್ನು ಹಿಡಿದರು.

"ನೀಲಾ, ನಿಮ್ಮನೇಲಿ ಯಾರೋ ಅಂಕಲ್ ದಿನಾ ಹಗಲು ಹೊತ್ತು ಮಲಗಿರ್ತಾರಂತೆ? ನಿರೀಕ್ಷಾ ಇಡೀ ಪಾರ್ಕಿಗೇ ಹೇಳ್ತಾ ಇದ್ದಾಳೆ."

"ಹೌದಕ್ಕಾ. ನನ್ನ ಗಂಡ."

"ಅಚ್ಛಾ," ಎಂದರು ವಿಮಲಕ್ಕ. ಸ್ವಲ್ಪ ನಿರಾಸೆಯಾದಂತೆ ಕಂಡಿತು.

ಅದೇ ಹೊತ್ತಿಗೆ ನೀಲಾವತಿಯ ತಮ್ಮ ದೀಕ್ಷಿತ್ ಇನ್ನೊಂದು ಕೆಲಸದ ಸುದ್ದಿ ತಂದ. ಅವನು ನಮ್ಮ ಕರಾವಳಿಯವರದೇ ಒಂದು ಹೋಟೆಲಿನಲ್ಲಿ ಕ್ಯಾಶಿಗೆ ಕೂರುವವನು. ಹೋಟೆಲಿನವರು ಇಡ್ಲಿ ಹಿಟ್ಟನ್ನು ಒಂದೇ ಕಡೆ ರುಬ್ಬಿ, ಡ್ರಮ್ಮುಗಳಲ್ಲಿ ತುಂಬಿಸಿ, ಸರೋಜಿನಿ ನಗರವೂ ಸೇರಿ ಎಲ್ಲ ಬ್ರಾಂಚುಗಳಿಗೆ ಕಳಿಸುತ್ತಿದ್ದರು. ಅದಕ್ಕೆಂದು ಹೊಸದೊಂದು ಪುಟಾಣಿ ಟೆಂಪೊ ಕೊಂಡಿದ್ದರು, ದಿಲ್ಲಿಯ ಬಾಯಲ್ಲಿ 'ಛೋಟಾ ಹಾಥಿ', ಪುಟ್ಟ ಆನೆ.

"ಹಗಲು ಕೆಲಸ ಭಾವ. ಬೆಳಿಗ್ಗೆ ಸಂಜೆ ಟ್ರಾಫಿಕ್ ಇರುವಾಗ ಅದನ್ನೂ ರಸ್ತೆಗೆ ಬಿಡೂದಿಲ್ಲ, ಆಗ ಮನೆಗೆ ಬಂದು ಕೂರಬಹುದು."

"ನನ್ನ ಲಾರಿಯ ಸ್ಟೆಪ್ನಿ ಅದಕ್ಕಿಂತ ದೊಡ್ಡದುಂಟು ಮಾರಾಯ," ಎಂದ ತನಿಯಪ್ಪ. "ಅದರಲ್ಲಿ ಹಿಟ್ಟು ಹೊತ್ತುಕೊಂಡು ತಿರುಗ್ಬೇಕಾ ನಾನು? ಟ್ರಾನ್ಸ್‌ಪೋರ್ಟ್ ನಗರದಲ್ಲಿ ಲಾರಿಯವರು ಯಾರಾದ್ರೂ ಕಂಡ್ರೆ?"

"ಟ್ರಾನ್ಸ್‌ಪೋರ್ಟ್ ನಗರಕ್ಕೆ ಇಡ್ಲಿ ಹೋಗೂದಿಲ್ಲ, ಹೆದರ್ಬೇಡಿ."

ಮಾತು ಅಲ್ಲಿಗೇ ನಿಂತಿತು. ಎರಡು ದಿನ ಬಿಟ್ಟು ಸರ್ದಾರ್ಜಿಯ ಫೋನ್ ಬಂತು. ಹೊಸ ಗಾಡಿ, ಹನ್ನೆರಡು ಚಕ್ರ, ನಾಗಪುರದ ಲೋಡು. ಬೀಗದ ಕೈ ನಿನಗೇ ಅಂತ ಇಟ್ಟಿದ್ದೇನೆ, ನಾಳೆಯೊಳಗೆ ಹೇಳು ಎಂದರು. ಹನ್ನೆರಡು ಚಕ್ರ ಎಂದು ಕೇಳಿದ ಮೇಲೆ ತನಿಯಪ್ಪನಿಗೆ ನಿದ್ದೆ ಹತ್ತಲಿಲ್ಲ. ಮಧ್ಯಾಹ್ನ ಸುಮ್ಮನೆ ಕಣ್ಣು ಮುಚ್ಚಿ ಬಿದ್ದುಕೊಂಡಿದ್ದ. ನೀಲಾವತಿ ನೀರು ಹಿಡಿಯಲು ಹೊರಗೆ ಹೋಗಿದ್ದಳು.

ಚಾಪೆಯ ಬಳಿ ಪುಟ್ಟ ಉಸಿರು ಕೇಳಿಸಿತು. ಎಳೆಯ ಬೆರಳೊಂದು ಅವನ ಕಣ್ಣ ರೆಪ್ಪೆಯ ಮೇಲೆ ಕೂತು, ಅದನ್ನು ಮೆಲ್ಲಗೆ ಮೇಲಕ್ಕೆತ್ತಿತು. ಬೆರಳಿಗೆ ಬಿಸ್ಕತ್ತಿನ ವಾಸನೆ ಇತ್ತು. ತನಿಯಪ್ಪ ಮಿಸುಕಲಿಲ್ಲ. ನಿರೀಕ್ಷಾ ಮುಖವನ್ನು ಹತ್ತಿರ ತಂದು, ಕಿಟಕಿಯಲ್ಲಿ ಇಣುಕುವವರ ಹಾಗೆ ಒಳಗೆ ನೋಡಿದಳು. ಆಮೇಲೆ ರೆಪ್ಪೆಯನ್ನು ಜೋಪಾನವಾಗಿ ಮುಚ್ಚಿದಳು.

"ಅಂದರ್ ಹೈಂ," ಒಳಗೇ ಇದ್ದಾರೆ, ಎಂದು ತನಗೆ ತಾನೇ ಹೇಳಿಕೊಂಡು ಆಡಲು ಹೋದಳು.

ತನಿಯಪ್ಪ ಎದ್ದು ಸರ್ದಾರ್ಜಿಗೆ ಆಗುವುದಿಲ್ಲ ಎಂದ. ಆಮೇಲೆ ದೀಕ್ಷಿತನಿಗೆ ಫೋನ್ ಮಾಡಿ, "ಆ ಆಟಿಕೆಯ ಸೀಟು ಹಿಂದೆ ಸರಿಯುತ್ತದಾ ಕೇಳು. ನನಗೆ ಮೊಣಕಾಲು ಉಂಟು," ಎಂದ.

ಸೀಟು ಸರಿಯಲಿಲ್ಲ. ಮೊಣಕಾಲು ಸ್ಟಿಯರಿಂಗಿಗೆ ತಾಗಿಸಿಕೊಂಡೇ ಅವನು ಹಿಟ್ಟು ಹೊತ್ತ. ದೊಡ್ಡ ಗಾಡಿಯ ಅಭ್ಯಾಸಕ್ಕೆ ಪ್ರತಿ ತಿರುವಿನಲ್ಲೂ ಅಗಲಕ್ಕೆ ಹೋಗಿ ತಿರುಗಿಸುತ್ತಿದ್ದ, ಆಟೋದವರಿಂದ ಬೈಸಿಕೊಳ್ಳುತ್ತಿದ್ದ. ಟ್ರಾಫಿಕ್ಕಿನ ಹೊತ್ತಿಗೆ ಕಾಲೊನಿಯ ಬೇವಿನ ಮರದಡಿ ಟೆಂಪೊ ನಿಲ್ಲಿಸಿ ಮನೆಗೆ ಬರುತ್ತಿದ್ದ. ಮನೆಯಲ್ಲಿ ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಸುಮ್ಮನೆ ಕೂತರೆ ನೀಲಾವತಿಯ ಪೊರಕೆಗೆ ಅಡ್ಡ, ಎದ್ದು ನಿಂತರೆ ಒಲೆಗೆ ಅಡ್ಡ. "ಸ್ವಲ್ಪ ಹೊರಗಾದ್ರೂ ಹೋಗಿ ಬನ್ನಿ," ಎಂದು ಅವಳು ಮೊದಲ ವಾರವೇ ಬೇಡಿಕೊಂಡಳು. ಕೊನೆಗೆ ಮಗಳಿಗೆ ಹಾಲು ಕುಡಿಸುವ ಕೆಲಸ ಅವನ ಪಾಲಿಗೆ ಬಂತು.

ಜೂನ್ ತಿಂಗಳ ಒಂದು ಬೆಳಿಗ್ಗೆ ನಿರೀಕ್ಷಾ ಹಾಲಿನ ಕೆನೆ ನೋಡಿ ಬೇಡ ಎಂದಳು. ತನಿಯಪ್ಪ ಕುಡಿ ಎಂದ. ಅವಳು ಬೇಡ ಎಂದಳು. ಅವನು ದನಿ ಏರಿಸಿದ. ಅವಳು ಅದಕ್ಕಿಂತ ಏರಿಸಿ, ಲೋಟ ತಳ್ಳಿ, ಅವನ ತೊಡೆಗೆ ಎರಡು ಗುದ್ದು ಕೊಟ್ಟು, "ಗಂದೇ ಪಾಪಾ! ಕಟ್ಟೀ!" ಕೆಟ್ಟ ಅಪ್ಪ, ನಿನ್ನ ಸಂಗ ಠೂ, ಎಂದು ಕಿರುಚಿ ಮಂಚದ ಕೆಳಗೆ ಸೇರಿಕೊಂಡಳು.

ತನಿಯಪ್ಪ ಅಂಗಿಯ ಮೇಲಿನ ಹಾಲು ಒರೆಸಿಕೊಳ್ಳದೆ ಹಾಗೇ ನಿಂತ.

"ಏನು ಮಾಡಿದಿರಿ ಅವಳಿಗೆ?" ನೀಲಾವತಿ ಕೇಳಿದಳು.

"ಹಾಲು ಕುಡಿ ಅಂದೆ. ಪಾಪಾ ಅಂತ ಬೈದು ಹೊಡೆದ್ಳು ಮಾರಾಯ್ತಿ. ಎರಡು ಸಲ."

ಹೊರಡುವ ಹೊತ್ತು ದಾಟಿತು. ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ಭಾವ, ಎಲ್ಲಿದ್ದೀರಿ? ಈ ಸೆಕೆಗೆ ಹಿಟ್ಟು ಉಕ್ಕಿ ಡ್ರಮ್ಮಿನ ಮುಚ್ಚಳ ಎತ್ತಿದೆ!"

ತನಿಯಪ್ಪ ನೆಲದ ಮೇಲೆ ಕೂತು ಮಂಚದ ಕೆಳಗೆ ಇಣುಕಿದ. ಮಗಳು ಗೋಡೆಯ ಕಡೆ ತಿರುಗಿಕೊಂಡಳು.

"ಮುಚ್ಚಳದ ಮೇಲೆ ಒಂದು ಕಲ್ಲಿಡು," ಎಂದ. "ಇಲ್ಲಿ ನನಗೂ ಮಗಳಿಗೂ ಜಗಳ ಆಗಿದೆ. ಮುಗಿಸಿಯೇ ಬರ್ತೇನೆ."