ಸಲೀಮನ ಹೆಸರಿನಲ್ಲಿ ಬಂದ ಮೆಸೇಜು

ಕೊರೋನಾ ಕಳೆದು ಜನ ಮತ್ತೆ ಮಾಸ್ಕ್ ಇಲ್ಲದೆ ಬ್ಯಾಂಕಿಗೆ ಬರತೊಡಗಿದ್ದ ಕಾಲದಲ್ಲಿ ನನಗೆ ಪಾಂಡವಪುರದ ಶಾಖೆಗೆ ಮ್ಯಾನೇಜರ್ ಆಗಿ ವರ್ಗವಾಯಿತು. ನಿವೃತ್ತಿ ಹತ್ತಿರದಲ್ಲೇ ಇತ್ತು. ನಮ್ಮ ಮನೆಯವರು ಶಿವಮೊಗ್ಗದಲ್ಲೇ ಉಳಿದರು. ನಾನು ಪೇಟೆಯಲ್ಲಿ ಮಹಡಿಯ ಮೇಲೆ ಒಂದು ಕೋಣೆ ಹಿಡಿದೆ. ಹಗಲೆಲ್ಲ ಜನರ ನಡುವೆ ಕೂತಿದ್ದು, ಸಂಜೆ ಬೀಗ ತೆಗೆದು ಒಳಗೆ ಹೋದರೆ ಮಾರನೆಯ ಬೆಳಗಿನವರೆಗೆ ಮಾತಿಲ್ಲ. ಆ ಊರಿನಲ್ಲಿ ನಾನು ಕಂಡ ಒಂದು ಪ್ರಕರಣ ಇಷ್ಟು ಕಾಡಲು ಅದೂ ಒಂದು ಕಾರಣವಿರಬಹುದು.

ಪ್ರಕರಣ ನಿಂಗರಾಜು ಅವರದು. ತೊಣ್ಣೂರಿನವರು, ನಿವೃತ್ತ ಬಸ್ ಡ್ರೈವರ್. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಮ್ಮನ ಮನೆಯ ಮುಂಭಾಗದ ಕೋಣೆಯಲ್ಲಿ ವಾಸ. ಹೊತ್ತು ಹೊತ್ತಿಗೆ ಒಳಗಿನಿಂದ ಮುದ್ದೆ, ಸಾರು ಬರುತ್ತಿತ್ತು. ಊಟದ ವಿಷಯದಲ್ಲಿ ತಮ್ಮ ಏನೂ ಕಡಿಮೆ ಮಾಡಿರಲಿಲ್ಲ. ಆದರೆ ಆ ಮನೆಯವರಿಗೆ ಹೊಲ, ಹಸು, ಡೇರಿ ಅಂತ ಬಿಡುವಿಲ್ಲದ ಕೆಲಸ. ತಟ್ಟೆ ಇಟ್ಟು ಹೋದವರು ಮತ್ತೆ ತಟ್ಟೆ ತೆಗೆಯಲೇ ಬರುತ್ತಿದ್ದರು. ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿಗೆ ಬರುವ ನಿಂಗರಾಜು, ಎಂಟ್ರಿ ಮುಗಿದ ಮೇಲೂ ಫ್ಯಾನಿನ ಕೆಳಗಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತಿರುತ್ತಿದ್ದರು.

ಒಂದು ದಿನ ಅವರು ನೇರವಾಗಿ ನನ್ನ ಕೋಣೆಗೆ ಬಂದು, ಎಫ್‌ಡಿ ಮುರಿಯಬೇಕು ಅಂದರು. ನಿವೃತ್ತಿಯಾದಾಗ ಬಂದಿದ್ದ ಹಣದಲ್ಲಿ ಉಳಿಸಿ ಇಟ್ಟಿದ್ದ ನಾಲ್ಕು ಲಕ್ಷ ಅದು. ಅವಧಿಗೆ ಮೊದಲೇ ಮುರಿದರೆ ಬಡ್ಡಿ ಕಡಿಮೆಯಾಗುತ್ತದೆ ಎಂದು ತಿಳಿಸಿದೆ. ಬಡ್ಡಿಯ ಮಾತು ಬೇಡ, ಇವತ್ತೇ ಆರ್‌ಟಿಜಿಎಸ್ ಮಾಡಿಕೊಡಿ ಅಂದರು. ಆರ್‌ಟಿಜಿಎಸ್ ಅಂದರೆ ದೊಡ್ಡ ಮೊತ್ತವನ್ನು ಬೇರೆ ಬ್ಯಾಂಕಿನ ಖಾತೆಗೆ ನೇರವಾಗಿ ಕಳಿಸುವ ವ್ಯವಸ್ಥೆ. ಹೋದ ಹಣವನ್ನು ವಾಪಸ್ ತರಿಸುವುದು ಬಹಳ ಕಷ್ಟ. ವಯಸ್ಸಾದವರು ಇಂಥ ಅವಸರದಲ್ಲಿ ಬಂದರೆ ಕಾರಣ ಕೇಳುವುದು ನಮ್ಮ ಪದ್ಧತಿ.

ಕಾರಣವನ್ನು ಅವರು ಮುಚ್ಚಿಡಲಿಲ್ಲ. ಸಲೀಂ ಎಂಬ ಗೆಳೆಯನಿಗೆ ಹೈದರಾಬಾದಿನಲ್ಲಿ ಹೃದಯದ ಆಪರೇಷನ್ ಆಗಬೇಕಿತ್ತಂತೆ. ಸಲೀಂ ಶ್ರೀರಂಗಪಟ್ಟಣದವರು, ನಿವೃತ್ತ ಕಂಡಕ್ಟರ್. ಇಬ್ಬರೂ ಒಂದೇ ಬಸ್ಸಿನಲ್ಲಿ ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ಎಂದು ವರ್ಷಗಟ್ಟಲೆ ಓಡಾಡಿದವರು. "ಒಂದೇ ಡಬ್ಬೀಲಿ ಉಂಡೋರು ಮೇಡಮ್ಮೋರೆ. ಅವ್ನಿಗೆ ಆಗ್ದೇ ಇರೋ ಕಾಸು ಇನ್ಯಾವುದಕ್ಕೆ?" ಅಂದರು ನಿಂಗರಾಜು.

ಖಾತೆಯ ವಿವರ ನೋಡಿದೆ. ಹೆಸರು ಸಲೀಮರದಲ್ಲ. ದೂರದ ಯಾವುದೋ ರಾಜ್ಯದ ಶಾಖೆ, ಯಾವುದೋ ಹೆಂಗಸಿನ ಹೆಸರು. ಅದು ಅಳಿಯನ ಪರಿಚಯದವರ ಖಾತೆ ಎಂದು ಸಲೀಂ ಬರೆದಿದ್ದಾರೆ ಅಂದರು. ಬರೆದಿದ್ದಾರೆ ಎಂಬ ಮಾತು ನನ್ನ ಕಿವಿಗೆ ಬಿತ್ತು. ಫೋನಿನಲ್ಲಿ ಮಾತಾಡಿದಿರಾ ಎಂದು ಕೇಳಿದೆ. ಮಾತಾಡಿರಲಿಲ್ಲ. ಹಳೆಯ ನಂಬರ್ ಬಂದ್ ಆಗಿದೆ, ಇದು ಹೊಸದು, ಡಾಕ್ಟರು ಮಾತಾಡಬೇಡ ಅಂದಿದ್ದಾರೆ ಎಂದು ವಾಟ್ಸಾಪಿನಲ್ಲಿ ಬಂದಿತ್ತು. ಫೋಟೋ ಮಾತ್ರ ಸಲೀಮರದೇ.

ಅನುಮತಿ ಕೇಳಿ ಆ ಮೆಸೇಜುಗಳನ್ನು ಮೊದಲಿನಿಂದ ಓದಿದೆ. ಒಂದು ತಿಂಗಳಿಗೂ ಮಿಕ್ಕಿದ ಸಂಭಾಷಣೆ. "ಹೇಗಿದ್ದೀರಿ? ನಾನು ನಿಮ್ಮ ಸ್ನೇಹಿತ ಸಲೀಂ" ಎಂದು ಶುರುವಾಗಿತ್ತು. ಬೆಳಿಗ್ಗೆ ಶುಭೋದಯ, ಮಧ್ಯಾಹ್ನ "ಊಟ ಆಯಿತೇ?", ಸಂಜೆ "ಮಂಡಿ ನೋವು ಹೇಗಿದೆ?". ನಿಂಗರಾಜು ಪ್ರತಿಯೊಂದಕ್ಕೂ ಉದ್ದುದ್ದ ಉತ್ತರ ಕಳಿಸಿದ್ದರು. ಬೆರಳಿನಲ್ಲಿ ಒತ್ತಿ ಬರೆಯಲು ಬಾರದೆ ಹೆಚ್ಚಿನವನ್ನು ಮಾತಿನಲ್ಲೇ ರೆಕಾರ್ಡ್ ಮಾಡಿದ್ದರು. ಹಳೆಯ ರೂಟುಗಳು, ನಾಗಮಂಗಲದ ಹೋಟೆಲಿನ ಚಟ್ನಿ, ಹೆಂಡತಿಯ ಕೊನೆಯ ದಿನಗಳು, ಮಂಡಿ ನೋವು ಎಲ್ಲವೂ ಅದರಲ್ಲಿದ್ದವು.

ಒಂದು ಸಂಗತಿ ನನಗೆ ಸ್ಪಷ್ಟವಾಯಿತು. ಆ ಸಲೀಮನಿಗೆ ಗೊತ್ತಿದ್ದ ಒಂದೊಂದು ವಿಷಯವನ್ನೂ ಮೊದಲು ಹೇಳಿದವರು ನಿಂಗರಾಜು. ಮಂಡಿಯ ಬಗ್ಗೆ ಇವರು ಹೇಳಿದ ಮರುದಿನದಿಂದ ಆತ ಮಂಡಿ ವಿಚಾರಿಸತೊಡಗಿದ್ದ. ತಾನಾಗಿ ಒಂದೇ ಒಂದು ಹಳೆಯ ನೆನಪನ್ನೂ ಆತ ತೆಗೆದಿರಲಿಲ್ಲ.

"ನಿಮ್ಮ ಸಲೀಂ ನಿಮ್ಮನ್ನ ಏನಂತ ಕರೀತಿದ್ರು?" ಎಂದು ಕೇಳಿದೆ.

"ಲೇ ನಿಂಗ ಅಂತಿದ್ದ."

"ಇಲ್ಲಿ 'ನಿಂಗರಾಜು ಅವರೇ' ಅಂತ ಇದೆಯಲ್ಲ."

ನಾವಿಬ್ಬರೂ ಜಗಳವಾಡಿದವರಲ್ಲವೇ, ಅದಕ್ಕೇ ಮರ್ಯಾದೆ ಕೊಟ್ಟು ಬರೆಯುತ್ತಿದ್ದಾನೆ ಅಂದುಕೊಂಡೆ ಎಂದರು.

ಜಗಳದ ಕಥೆ ಆಗ ಹೊರಗೆ ಬಂತು. ನಿವೃತ್ತಿಗೆ ಸ್ವಲ್ಪ ಮುಂಚೆ ನಾಗಮಂಗಲದ ದಾರಿಯ ತಿರುವಿನಲ್ಲಿ ಬಸ್ಸು ಒಂದು ಬೈಕಿಗೆ ತಗುಲಿತ್ತು. ಸವಾರನಿಗೆ ತರಚಿದ ಗಾಯ ಅಷ್ಟೇ. ಆದರೂ ವಿಚಾರಣೆ ನಡೆಯಿತು. ತಪ್ಪು ಬೈಕಿನವನದು ಎಂದು ಸಲೀಂ ಸಾಕ್ಷಿ ಹೇಳುತ್ತಾನೆಂದು ನಿಂಗರಾಜು ನಂಬಿದ್ದರು. ನಾನು ಹಿಂದೆ ಟಿಕೆಟ್ ಕೊಡುತ್ತಿದ್ದೆ, ನೋಡಲಿಲ್ಲ ಎಂದು ಸಲೀಂ ಹೇಳಿದರು. ಅವರು ನೋಡಿರಲಿಲ್ಲ ಎನ್ನುವುದೂ ನಿಜವೇ. ಶಿಕ್ಷೆ ದೊಡ್ಡದೇನಾಗಲಿಲ್ಲ. ಆದರೆ ಅಂದಿನಿಂದ ಮಾತು ನಿಂತಿತು. ಸಲೀಮರ ಬೀಳ್ಕೊಡುಗೆಗೂ ಇವರು ಹೋಗಲಿಲ್ಲ. ಇವರ ಹೆಂಡತಿ ತೀರಿಕೊಂಡಾಗ ಸಲೀಮರೂ ಬರಲಿಲ್ಲ. ಪಾಂಡವಪುರದಿಂದ ಶ್ರೀರಂಗಪಟ್ಟಣ ಬಸ್ಸಿನಲ್ಲಿ ಎಷ್ಟು ದೂರ? ಆ ಸುತ್ತಿನ ರಸ್ತೆಗಳಲ್ಲಿ ಜೀವಮಾನವಿಡೀ ಬಸ್ಸು ಓಡಿಸಿದವರು ಆರು ವರ್ಷ ಅತ್ತ ತಲೆ ಹಾಕಿರಲಿಲ್ಲ. ಹಾಗಿರುವಾಗ ಬಂದ ಮೆಸೇಜು ಅದು. ಸಲೀಮನೇ ಮೊದಲು ಸೋತು ಬಂದ ಎಂಬ ಸಂತೋಷದಲ್ಲಿ ಇವರು ಬೇರೇನನ್ನೂ ನೋಡಿರಲಿಲ್ಲ.

ಹಳೆಯ ನಂಬರಿಗೆ ಒಂದು ಸಲ ಕರೆ ಮಾಡೋಣ ಅಂದೆ. ಅವರು ಒಪ್ಪಲಿಲ್ಲ. ಅದು ಬಂದ್ ಆಗಿದೆಯಲ್ಲ ಎಂದರು. ಬಂದ್ ಆಗಿದ್ದರೆ ಬಂದ್ ಎಂದೇ ಗೊತ್ತಾಗಲಿ ಅಂದೆ. ಹಣ ಅವರದು, ತಡೆಯುವ ಅಧಿಕಾರ ನನಗಿಲ್ಲ. ಆದರೆ ಈ ಒಂದು ಕರೆ ಮಾಡದೆ ವೋಚರಿಗೆ ಸಹಿ ಹಾಕಲು ನನ್ನ ಮನಸ್ಸು ಒಪ್ಪದು ಎಂದು ಹೇಳಿದೆ. ಅವರು ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಟ್ಟು ಕಿಟಕಿಯ ಕಡೆ ನೋಡಿದರು.

"ಅವ್ನಲ್ದೇ ಇದ್ರೆ?" ಅಂದರು. ಬಹಳ ಸಣ್ಣ ದನಿ.

ಕೊನೆಗೆ ಅವರೇ ನಂಬರ್ ಹುಡುಕಿ ಒತ್ತಿ, ಸ್ಪೀಕರ್ ಹಾಕಿ ನನ್ನ ಮುಂದೆ ಇಟ್ಟರು. ರಿಂಗಾಯಿತು.

"ಅರೆ, ಯಾರು?"

"ನಾನ್ ಕಣ್ಲಾ. ನಿಂಗ."

"ಏನ್ಲಾ ಇದ್ದಕ್ಕಿದ್ದಂಗೆ?"

"ಉಸಾರಾಗಿದ್ದೀಯಾ? ಆಸ್ಪತ್ರೆ ಅಂತ..."

"ಯಾವ ಆಸ್ಪತ್ರೆ? ಅಂಗಡೀಲಿ ಕೂತಿವ್ನಿ. ಓ, ನಿನ್ಗೂ ಬಂತಾ ಮೆಸೇಜು? ನನ್ ಫೋಟೋ ಆಕ್ಕೊಂಡು ಯಾವನೋ ಕಾಸು ಕೇಳ್ತಾವ್ನೆ. ನಮ್ ಡಿಪೋನೋರಿಗೆಲ್ಲ ಫೋನ್ ಮಾಡಿ ಹೇಳ್ದೆ. ಏನಾರ ಕೊಟ್ಬುಟ್ಟಾ?"

"ಇಲ್ಲ."

"ಕೊಡ್ಬ್ಯಾಡ."

ಸಲೀಮರ ಉಸಿರು ಸ್ಪೀಕರಿನಲ್ಲಿ ಕೇಳುತ್ತಿತ್ತು. ಗಿರಾಕಿ ಬಂದವ್ರೆ, ಇಡ್ತೀನಿ ಎಂದು ಸಲೀಂ ಕರೆ ಮುಗಿಸಿದರು.

ನಾಲ್ಕು ಲಕ್ಷ ಉಳಿಯಿತು. ಇಂಥ ಸಂದರ್ಭದಲ್ಲಿ ಗ್ರಾಹಕರು ಕೈ ಮುಗಿಯುತ್ತಾರೆ, ಕೆಲವರು ಅಳುತ್ತಾರೆ. ನಿಂಗರಾಜು ಎರಡೂ ಮಾಡಲಿಲ್ಲ. ಡಿಪೋದವರಿಗೆಲ್ಲ ಫೋನ್ ಮಾಡಿದ ಸಲೀಂ ತಮಗೆ ಮಾಡಿರಲಿಲ್ಲ ಎನ್ನುವುದು ಅವರಿಗೂ ಕೇಳಿಸಿತ್ತು. ಅವರು ಹೇಳಿದ್ದು ಇಷ್ಟು:

"ಉಂಡ್ಯಾ ಅಂತ ಇವ್ನು ಕೇಳ್ನಿಲ್ಲ ಮೇಡಮ್ಮೋರೆ. ಅವ್ನು ದಿನಾ ಕೇಳ್ತಿದ್ದ."

ಅವರನ್ನು ಪೊಲೀಸ್ ಠಾಣೆಗೆ ನಾನೇ ಕರೆದುಕೊಂಡು ಹೋದೆ. ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದುಕೊಂಡು ದೂರು ಬರೆಸಿಕೊಂಡರು. ಆ ನಂಬರ್ ಬೇರೆ ಯಾರದೋ ದಾಖಲೆಯ ಮೇಲೆ ಪಡೆದದ್ದು ಎಂದು ಆಮೇಲೆ ತಿಳಿಯಿತು. ಅದನ್ನು ಬಳಸಿದವರು ಯಾರೆಂದು ನಾನು ಅಲ್ಲಿರುವವರೆಗೂ ಗೊತ್ತಾಗಲಿಲ್ಲ. ಠಾಣೆಯ ಹೊರಗೆ ನಿಂತು, ಇನ್ನು ಆ ನಂಬರನ್ನು ಬ್ಲಾಕ್ ಮಾಡಬಹುದು ಅಂದೆ. ಎಲ್ಲಿ ಒತ್ತಬೇಕೆಂದು ತೋರಿಸಿದೆ. ಅವರು ಬೆರಳು ಮುಂದೆ ತಂದು, ಹಿಂದೆ ತೆಗೆದುಕೊಂಡರು. ಅಷ್ಟರಲ್ಲೇ ಆ ಕಡೆಯಿಂದ ಒಂದು ಮೆಸೇಜು ಬಂತು: "ಊಟ ಆಯಿತೇ? ಹಣ ಕಳುಹಿಸಿದಿರಾ?"

"ನೀವೇ ಒತ್ತಿಬುಡಿ," ಎಂದು ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಒತ್ತಿದೆ. ಅವರು ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದರು.

ಕೆಲವು ತಿಂಗಳ ನಂತರ, ಸಲೀಂ ಸಿಕ್ಕಿದ್ದರಾ ಎಂದು ಕೇಳಿದೆ. ಒಂದು ಸಲ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದರಂತೆ. ಸಲೀಂ ಅಂಗಡಿಯ ಮುಂದೆ ಕೂರಿಸಿ ಟೀ ಕೊಡಿಸಿದರಂತೆ. ಬೈಕಿನ ಮಾತು ಇಬ್ಬರೂ ಎತ್ತಲಿಲ್ಲ. ಬೇರೆ ಮಾತೂ ಹೆಚ್ಚು ಹುಟ್ಟಲಿಲ್ಲ. ಮತ್ತೆ ಹೋಗುತ್ತೀರಾ ಅಂದೆ. "ನೋಡಾನ ಬುಡಿ," ಅಂದರು.

ನಿವೃತ್ತಿಯಾಗುವವರೆಗೆ ಹಲವು ಹಳ್ಳಿಗಳಲ್ಲಿ ನಾನು ಈ ಬಗ್ಗೆ ತಿಳಿವಳಿಕೆ ಸಭೆ ನಡೆಸಿದ್ದೇನೆ. ಪರಿಚಯದವರ ಹೆಸರಿನಲ್ಲಿ ಹೊಸ ನಂಬರಿನಿಂದ ಮೆಸೇಜು ಬಂದರೆ ಮೊದಲು ಹಳೆಯ ನಂಬರಿಗೆ ಕರೆ ಮಾಡಿ, ದನಿ ಕೇಳಿ. ಖಾತೆ ಯಾರ ಹೆಸರಿನಲ್ಲಿದೆ ನೋಡಿ. ನೀವು ಹೇಳದ ಯಾವ ವಿಷಯ ಅವರಿಗೆ ಗೊತ್ತಿದೆ ಎಂದು ಯೋಚಿಸಿ. ಇವೆಲ್ಲ ಹೇಳಿಕೊಡಬಹುದಾದ ಮಾತುಗಳು, ಜನ ಕಲಿಯುತ್ತಾರೆ ಕೂಡ. ಯಾವ ಸುತ್ತೋಲೆಯಲ್ಲೂ ಇಲ್ಲದ ಒಂದನ್ನು ಮಾತ್ರ ನನಗೆ ನಿಂಗರಾಜು ಕಲಿಸಿದರು. ವಂಚಕನಿಗೆ ನಮ್ಮವರ ಹೆಸರು, ಫೋಟೋ ಸಿಕ್ಕರೆ ಸಾಲದು. ನಮ್ಮವರು ಮಾತು ಬಿಟ್ಟು ಹೋದ ಜಾಗವೂ ಸಿಗಬೇಕು. ಅವನು ಅಲ್ಲೇ ಬಂದು ಕೂರುತ್ತಾನೆ, ಮತ್ತು ಅವನನ್ನು ಎಬ್ಬಿಸಿ ಕಳಿಸಿದ ಮೇಲೂ ಆ ಜಾಗ ಖಾಲಿಯೇ ಇರುತ್ತದೆ.