ಗೌರಮ್ಮನವರು ಕೊಟ್ಟ ಹೊಸ ಅಕ್ಕಿ

ಗಂಟೆ ನಿಲ್ಲಲೇ ಇಲ್ಲ. ಮಂಗಳೂರಿನ ನಮ್ಮ ಕಡೆ ಚರ್ಚಿನಲ್ಲಿ ಸಂಜೆಯ ಆಂಜೆಲಸ್ ಗಂಟೆ ಮೂರು ಸಲ ಬಡಿದು ಉಸಿರು ತೆಗೆದುಕೊಳ್ಳುತ್ತದೆ, ಮತ್ತೆ ಮೂರು, ಮತ್ತೆ ಮೂರು; ನಡುವಿನ ಮೌನದಲ್ಲಿ ನಾವು ಪ್ರಾರ್ಥನೆ ಹೇಳಿಕೊಳ್ಳಬೇಕು. ಚಾಮರಾಜಪೇಟೆಗೆ ಬಂದಿಳಿದ ಸಂಜೆ, ಇನ್ನೂ ಬಿಚ್ಚದ ಟ್ರಂಕಿನ ಪಕ್ಕ ಕೂತಿದ್ದವಳು ಸದ್ದು ಕೇಳಿದ ಕೂಡಲೇ ಎದ್ದು, ತಲೆಯ ಮೇಲೆ ಸೆರಗೆಳೆದು ಶಿಲುಬೆಯ ಗುರುತು ಹಾಕಿಕೊಂಡೆ. ಮೌನಕ್ಕಾಗಿ ಕಾದೆ. ಅದರ ಬದಲು ಜಾಗಟೆ ಬಂತು. ಢಣಢಣ ಎಂದು ಎರಡೂ ಸೇರಿ ಕಿವಿ ತುಂಬಿಬಿಟ್ಟವು. ಬಾಗಿಲಲ್ಲಿ ಮನೆಯೊಡತಿ ಗೌರಮ್ಮನವರು ನಿಂತು ನೋಡುತ್ತಿದ್ದರು.

"ಅದು ದೇವಸ್ಥಾನದ ಮಂಗಳಾರತಿ ಕಣಮ್ಮ," ಎಂದರು. "ನೀವೂ ಕೈ ಮುಗೀತೀರಾ? ಒಳ್ಳೇದಾಯ್ತು ಬಿಡಿ."

ಅರ್ಧ ಹೇಳಿದ ಪ್ರಾರ್ಥನೆಯನ್ನು ಏನು ಮಾಡಬೇಕೆಂದು ನಮಗೆ ಕಾನ್ವೆಂಟಿನಲ್ಲಿ ಯಾವ ಸಿಸ್ಟರೂ ಕಲಿಸಿರಲಿಲ್ಲ.

ಇದು ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ಮಂಗಳೂರು ಆಗ ಮದ್ರಾಸು ಪ್ರಾಂತ್ಯ, ಬೆಂಗಳೂರು ಮೈಸೂರು ಸಂಸ್ಥಾನ. ಬಸ್ಸಿನಲ್ಲಿ ಘಾಟಿ ಹತ್ತಿ ಬಂದ ನನಗೆ ಫಾರಿನ್‌ಗೇ ಬಂದ ಹಾಗಿತ್ತು. ನನ್ನ ಯಜಮಾನರು ಲಾರೆನ್ಸ್ ರೈಲ್ವೆಯ ಅಕೌಂಟ್ಸ್‌ನಲ್ಲಿದ್ದರು. ತಿಂಗಳಲ್ಲಿ ಅರ್ಧಕ್ಕರ್ಧ ಹುಬ್ಬಳ್ಳಿ, ಅರಸೀಕೆರೆ ಎಂದು ಟೂರು. ಗೌರಮ್ಮನವರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ನಾನೊಬ್ಬಳೇ.

ಗೌರಮ್ಮನವರದು ಚಿಕ್ಕಪೇಟೆಯ ಜವಳಿ ವ್ಯಾಪಾರದ ಮನೆತನ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಗಂಡ ತೀರಿಕೊಂಡಿದ್ದರು, ಅಂಗಡಿಯನ್ನು ಮಗ ನೋಡಿಕೊಳ್ಳುತ್ತಿದ್ದ. ಮನೆ ಕೊಡುವಾಗ ಅವರು ಹಾಕಿದ್ದು ಒಂದೇ ಷರತ್ತು: ಮೀನು, ಮಾಂಸ, ಮೊಟ್ಟೆ ಯಾವುದೂ ಒಲೆ ಹತ್ತಬಾರದು. ಮೀನಿಲ್ಲದ ಊಟವನ್ನು ನಮ್ಮ ಕಡೆ ಜ್ವರ ಬಂದವರಿಗೆ ಕೊಡುತ್ತಾರೆ. ಇಲ್ಲಿ ಅದೇ ನನ್ನ ದಿನದ ಊಟವಾಯಿತು, ಅದೂ ಕಲ್ಲು ತುಂಬಿದ ರೇಷನ್ ಅಕ್ಕಿಯಲ್ಲಿ. ಅವರು ಕೆಟ್ಟವರಲ್ಲ. ಅವರೆಕಾಳಿನ ಕಾಲ ಬಂದರೆ ಬಟ್ಟಲಲ್ಲಿ ಹುಳಿ ತಂದು ನನ್ನ ಹೊಸ್ತಿಲ ಮೇಲಿಡುತ್ತಿದ್ದರು. ನಾನು ಬೆಳಗಿ ಹಿಂದಿರುಗಿಸಿದ ಬಟ್ಟಲು ಅವರ ಮನೆಯೊಳಗೆ ಹೋಗುವ ಮುಂಚೆ ಹಿತ್ತಲಲ್ಲಿ ಮತ್ತೊಮ್ಮೆ ಬೆಳಗಿಸಿಕೊಳ್ಳುತ್ತಿತ್ತು. ನನ್ನ ಕೈಯ ನೀರನ್ನೂ ಅವರು ಮುಟ್ಟಿದವರಲ್ಲ. ನನ್ನ ಮಾತು ಮಾತ್ರ ಅವರಿಗೆ ತಮಾಷೆ. ಬಂದಿದ್ದೇನೆ, ಹೋಗುತ್ತೇನೆ ಎಂದು ಇಡಿಯಾಗಿ ಹೇಳುತ್ತಿದ್ದೆನಲ್ಲ. "ಪಾಠ ಒಪ್ಪಿಸ್ದಂಗೆ ಮಾತಾಡ್ತೀರಲ್ರೀ," ಎಂದು ನಗುತ್ತಿದ್ದರು.

ಚರ್ಚು ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಪೂಜೆ ಲ್ಯಾಟಿನ್‌ನಲ್ಲಿ, ಕಣ್ಣು ಮುಚ್ಚಿದರೆ ಮಂಗಳೂರೇ. ಪ್ರಸಂಗ ಶುರುವಾದರೆ ಕಣ್ಣು ತೆರೆಯಬೇಕು, ಅದು ತಮಿಳು. ಗರಿಗಳ ಭಾನುವಾರ ನಮ್ಮಲ್ಲಿ ತೆಂಗಿನ ಎಳೆಗರಿ ಕೊಡುತ್ತಾರೆ, ಮೈಗೆ ತಾಗಿದರೂ ಗೊತ್ತಾಗದು. ಇಲ್ಲಿನ ಈಚಲು ಗರಿ ಅಂಗೈ ಚುಚ್ಚುತ್ತಿತ್ತು. ಕ್ರಿಸ್‌ಮಸ್ಸಿಗೆ ನಾವು ಕುಸ್ವಾರ್, ಎಂದರೆ ಕರಿದ ತಿಂಡಿಗಳ ತಟ್ಟೆ, ಮನೆಮನೆಗೆ ಹಂಚುತ್ತೇವೆ. ಇಲ್ಲಿ ದೀಪಾವಳಿಯ ಹಾಗೆ ಪಟಾಕಿ ಹೊಡೆಯುತ್ತಿದ್ದರು, ಚರ್ಚಿನ ಕಾಂಪೌಂಡಿನಲ್ಲಿ ಗೋಣಿಚೀಲದ ಓಟ ಇಡುತ್ತಿದ್ದರು. ನಾನು ಗೋಡೆಗೊರಗಿ ಕೈಚಪ್ಪಾಳೆ ತಟ್ಟುತ್ತಿದ್ದೆ, ಯಾರು ಗೆದ್ದರೆಂದು ತಿಳಿಯದೆ.

ಈಸ್ಟರಿನ ಮುಂಚಿನ ತಪಸ್ಸುಕಾಲದಲ್ಲಿ ವಾರವಾರವೂ ಕನ್ಫೆಶನ್‌ಗೆ ಹೋದೆ. ಅಷ್ಟು ಪಾಪ ಮಾಡಲು ನನಗೆಲ್ಲಿ ಕಂಪನಿ? ನನ್ನ ಮಾತನ್ನು ಒಬ್ಬರು ಕೂತು ಕೇಳುತ್ತಿದ್ದ ಜಾಗ ಅದೊಂದೇ. ಒಂದು ಶನಿವಾರ ಜಾಲರಿಯ ಆಚೆಯಿಂದ ವಯಸ್ಸಾದ ಫಾದರ್ ಮೆಲ್ಲಗೆ, "ಮೈ ಚೈಲ್ಡ್, ದಿಸ್ ಈಸ್ ನಾಟ್ ಸಿನ್. ಯೂ ಆರ್ ಲೋನ್ಲಿ," ಎಂದರು. ಪ್ರಾಯಶ್ಚಿತ್ತಕ್ಕೆ ಒಂದು ಜಪವನ್ನೂ ಕೊಡಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದ ಹಾಗಾಯಿತು.

ಸೆಪ್ಟೆಂಬರ್ ಎಂಟು ಬಂತು. ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ನಮ್ಮವರಿಗೆ ಮೊಂತಿ ಫೆಸ್ತ್, ತೆನೆಹಬ್ಬ. ಕೊಂಕಣಿ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಬರೆಯುತ್ತೇನೆ. ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ತಂದು, ಕಾಳು ಸುಲಿದು ಕುಟ್ಟಿ, ತೆಂಗಿನ ಹಾಲಿಗೆ ಬೆರೆಸುತ್ತೇವೆ. ಅದಕ್ಕೆ ನೊವೆಂ ಎನ್ನುತ್ತಾರೆ, ಹೊಸತು ಎಂದು ಅರ್ಥ. ಮನೆಯ ಹಿರಿಯರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಅಂಗೈಗೆ ಹಾಕುತ್ತಾರೆ. ಕಿರಿಯರು 'ಬೆಸಾಂವ್' ಎಂದು ಆಶೀರ್ವಾದ ಕೇಳಿ ತಿನ್ನುತ್ತಾರೆ. ಆಮೇಲೆ ಬಾಳೆಲೆಯ ಮೇಲೆ ಊಟ, ಅವತ್ತು ಮಾತ್ರ ಮೀನು ಮಾಂಸ ಇಲ್ಲ. ಹೊಸ ಅಕ್ಕಿಯನ್ನು ತನ್ನ ಕೈಯಿಂದ ತಾನೇ ತಿನ್ನುವ ಗತಿ ಅನಾಥರಿಗೂ ಬರಬಾರದು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು.

ಅಮ್ಮ ಮುಂಚೆಯೇ ತೆನೆ ಪಾರ್ಸೆಲ್ ಮಾಡಿದ್ದಳು. ಇಲ್ಲಿನ ಫಾದರ್‌ಗೆ ಈ ಪದ್ಧತಿ ಗೊತ್ತಿರಲಿಲ್ಲ. ಆದರೂ ಮುಗುಳ್ನಕ್ಕು ತೀರ್ಥ ಚಿಮುಕಿಸಿದರು. ಕೊಡುವ ಹಿರಿಯರೆಲ್ಲಿ? ಲಾರೆನ್ಸ್ ಹುಬ್ಬಳ್ಳಿಯಿಂದ ಬರಲಾಗುವುದಿಲ್ಲವೆಂದು ತಂತಿ ಕಳಿಸಿದ್ದರು. ಚರ್ಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಆರೋಗ್ಯಮ್ಮನನ್ನು ಕೇಳೋಣವೆಂದಿದ್ದೆ. ಬಿನ್ನಿಪೇಟೆಯ ಗಿರಣಿ ಕೆಲಸಗಾರರ ಮನೆಯ ಹಿರಿಹೆಂಗಸು ಅವಳು. ಆದರೆ ಇಲ್ಲಿನವರು ಆ ದಿನ ಕಾವಿ ಸೀರೆಯುಟ್ಟು ಕಂಟೋನ್ಮೆಂಟಿನ ದೊಡ್ಡ ಚರ್ಚಿಗೆ ಹರಕೆ ನಡಿಗೆ ಹೋಗುತ್ತಾರೆ. ಬೆಳಗಿನ ಪೂಜೆ ಮುಗಿಯುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಮನೆಗೆ ಬಂದು ಪಲ್ಯ, ಸಾರು, ಪಾಯಸ ಮಾಡಿದೆ. ಎಲೆ ಹಾಕಿದೆ. ನೊವೆಂ ಬಟ್ಟಲನ್ನು ಮುಂದಿಟ್ಟುಕೊಂಡು ಕೂತೆ, ಅಷ್ಟೆ. ಮಧ್ಯಾಹ್ನ ಜಾರಿತು.

ಗೌರಮ್ಮನವರು ಹೊಸ್ತಿಲಾಚೆ ಬಂದು ನಿಂತು ಮೂಸಿ ನೋಡಿದರು. "ಹಬ್ಬ ಅಂದ್ರಿ, ಒಗ್ಗರಣೆ ವಾಸ್ನೆ ಬಿಟ್ರೆ ಇನ್ನೇನೂ ಇಲ್ವಲ್ಲ. ನಾನೇನೋ ಕದ್ದು ಮುಚ್ಚಿ ಮಾಡ್ತಾರೆ, ಹಿಡಿಯೋಣ ಅಂತ ಬಂದೆ."

ನಗಲು ಹೋಗಿ ಅತ್ತುಬಿಟ್ಟೆ. ಸಿಲ್ಲಿ ಹುಡುಗಿ. ಆಮೇಲೆ ಅಳುತ್ತಲೇ ಎಲ್ಲ ಹೇಳಿದೆ: ಇವತ್ತು ನಾವೂ ಸಸ್ಯಾಹಾರವೇ ಎಂದು, ತೆನೆಯ ಸಂಗತಿ, ಹಿರಿಯರ ಕೈಯ ಸಂಗತಿ. ತಮ್ಮ ತವರಿನಲ್ಲೂ ಹೊಸ ರಾಗಿ ಬಂದರೆ ಪೂಜೆಯಾಗದೆ ಯಾರೂ ಬಾಯಿಗೆ ಹಾಕುವುದಿಲ್ಲವೆಂದು ಅವರು ಹೇಳಿದರು. ಹಾಗೆಂದವರೇ ತಿರುಗಿ ಹೊರಟುಹೋದರು. ನನ್ನ ಅಳು ಅವರಿಗೆ ಬೇಸರ ತಂದಿತೆಂದುಕೊಂಡೆ.

ತಿರುಗಿ ಬಂದಾಗ ಸೀರೆ ಬದಲಾಗಿತ್ತು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಮೊದಲ ಬಾರಿಗೆ ಹೊಸ್ತಿಲು ದಾಟಿ ಒಳಗೆ ಬಂದರು.

"ಎಷ್ಟು ಹಾಕ್ಬೇಕು?"

"ಒಂದು ಚಿಟಿಕೆ ಸಾಕಮ್ಮ."

"ಹೆಸರು ಹಿಡಿದು ಕರೀಬೇಕು ಅಂದ್ಯಲ್ಲ. ನಿನ್ನ ಹೆಸರು ನನ್ನ ಬಾಯಲ್ಲಿ ಹೊರಳಲ್ಲ."

"ಸೆವೆರಿನ್."

"ಸೇವ್ರಮ್ಮ, ತಗೋ," ಎಂದು ನನ್ನ ಅಂಗೈಗೆ ಹಾಕಿದರು. "ನಾನು ಕೊಡ್ತೀನಿ, ತಿನ್ನಲ್ಲ. ತಿನ್ನು ಅಂತ ಬಲವಂತ ಮಾಡ್ಬೇಡ."

ಅಂದಿನಿಂದ ನಾನು ಅವರಿಗೆ 'ನೀನು' ಆದೆ.

ಮುಂದಿನ ಭಾನುವಾರ ಆರೋಗ್ಯಮ್ಮನಿಗೆ ನಡೆದದ್ದನ್ನು ಹೇಳಿ, ಲಿಂಗ ಕಟ್ಟಿಕೊಂಡವರ ಕೈಯಿಂದ ನಮ್ಮ ನೊವೆಂ ತಿಂದದ್ದು ಪಾಪವೇ ಎಂದು ಕೇಳಿದೆ. ಅವಳು ಬಾಯಿಗೆ ಸೆರಗು ಒತ್ತಿ ನಕ್ಕಳು. "ಅಮ್ಮಾಡಿ, ಕೊಟ್ಟ ಕೈನ ಯಾವ ಜಾತಿ ಅಂತ ಕೇಳ್ತಾರಾ? ಫಾದರ್ ಹತ್ರ ಮಾತ್ರ ಹೇಳ್ಬೇಡ. ಯಾವ ಪುಸ್ತಕ್ದಲ್ಲಿ ಹುಡುಕ್ಬೇಕೂಂತ ಅವ್ರಿಗೂ ಗೊತ್ತಾಗಲ್ಲ, ಪಾಪ."

ಹೀಗೆ ವರ್ಷಗಳು ಹೋದವು. ಲಾರೆನ್ಸ್ ಮನೆಯಲ್ಲಿದ್ದ ವರ್ಷ ಅವರೂ ಅಂಗೈ ಒಡ್ಡಿದರು. ಹಿರಿಯರಿರುವಾಗ ನಾನ್ಯಾಕೆ ಕೊಡಲಿ ಎಂದರು. ಗೌರಮ್ಮನವರು ಪ್ರತಿ ವರ್ಷ ಮಿಂದು ಬಂದು ಕೊಟ್ಟರು, ಒಂದು ವರ್ಷವೂ ತಿನ್ನಲಿಲ್ಲ. ನಾನೂ ಕೇಳಲಿಲ್ಲ. ಉಳಿದ ದಿನಗಳಲ್ಲಿ ಬಟ್ಟಲು ಹಿತ್ತಲಲ್ಲಿ ಬೆಳಗಿಸಿಕೊಳ್ಳುವುದು ಹಾಗೆಯೇ ನಡೆದಿತ್ತು.

ಮಗಳು ಹುಟ್ಟಿದ ಮೇಲೆ ಒಮ್ಮೆ ಹಬ್ಬಕ್ಕೆ ಊರಿಗೆ ಹೋದೆ. ತುಂಬಿದ ಮನೆ, ಮಕ್ಕಳ ಗಲಾಟೆ. ಅಮ್ಮ ನನ್ನ ಹೆಸರು ಸರಿಯಾಗಿ, ಪ್ರಾಪರ್ ಆಗಿ ಕರೆದು ಕೊಟ್ಟಳು. ನನ್ನ ಕಿವಿ ಮಾತ್ರ ಸೇವ್ರಮ್ಮ ಎಂಬುದಕ್ಕೆ ಕಾದಿತ್ತು. ಊಟದಲ್ಲಿ ಸ್ವಲ್ಪ ಅವರೆಕಾಳಿನ ಹುಳಿ ಬೇಕಿತ್ತು ಎಂದದ್ದಕ್ಕೆ ತಂಗಿ, ಬೆಂಗಳೂರಿನ ಜವಳಿ ಶೆಟ್ಟರ ಮನೆ ಸೇರಿ ಇವಳ ನಾಲಗೆ ಕೆಟ್ಟಿದೆ ಎಂದು ಹಂಗಿಸಿದಳು. ಪಾತ್ರೆ ತೊಳೆಯುವಾಗ ಅಮ್ಮ, ಅಲ್ಲಿ ನಿನಗೆ ಕೊಡುವವರು ಯಾರು ಎಂದು ಕೇಳಿದಳು. ಹೇಳಿದೆ. ಬೈಯುತ್ತಾಳೆಂದು ಹೆದರಿದ್ದೆ, ಬೈಯಲಿಲ್ಲ. ಆಕೆ ತಿನ್ನುತ್ತಾಳಾ ಎಂದು ಕೇಳಿದಳು. ಇಲ್ಲ ಎಂದೆ.

"ಹಾಗಾದರೆ ಅವಳಿಗೆ ಕೊಡುವವರು ಯಾರು?" ಎಂದಳು ಅಮ್ಮ.

ಅಷ್ಟು ವರ್ಷ ಆ ಮನೆಯಲ್ಲಿದ್ದೆ. ಗೌರಮ್ಮನವರು ಎಲ್ಲರಿಗೂ ಬಡಿಸಿ, ಕೊನೆಯಲ್ಲಿ ಒಬ್ಬರೇ ಗೋಡೆಯ ಕಡೆ ಮುಖ ಮಾಡಿ ಉಣ್ಣುವುದನ್ನು ಹಿತ್ತಲಿನ ಕಿಟಕಿಯಿಂದ ದಿನವೂ ಕಂಡಿದ್ದೆ. ಕಂಡದ್ದು ನನ್ನ ತಲೆಗೆ ಹೋಗಿರಲಿಲ್ಲ. ನನ್ನ ಲೋನ್ಲಿನೆಸ್ಸೇ ನನಗೆ ದೊಡ್ಡದಾಗಿತ್ತು. ಈಗ ಕೊಡೋಣವೆಂದರೆ ನಾನು ಕಿರಿಯಳು. ಕಿರಿಯರು ಹಿರಿಯರಿಗೆ ನೊವೆಂ ಕೊಡುವ ಪದ್ಧತಿ ನಮ್ಮಲ್ಲಿಲ್ಲ.

ಆಮೇಲೆ ನಾವು ಫ್ರೇಜರ್ ಟೌನಿಗೆ ಮನೆ ಬದಲಿಸಿದೆವು. ಅಲ್ಲಿ ಕೊಂಕಣಿ ಕುಟುಂಬಗಳಿದ್ದವು, ಬೆಳಿಗ್ಗೆ ಬಾಗಿಲಿಗೆ ಮೀನು ಬರುತ್ತಿತ್ತು. ತೆನೆಹಬ್ಬಕ್ಕೆ ಹಾಲ್ ಹಿಡಿದು ಎಲ್ಲರೂ ಒಟ್ಟಿಗೆ ಸೇರುತ್ತಿದ್ದೆವು. ನಾನು ಬಯಸಿ ಅತ್ತದ್ದೆಲ್ಲ ಸಿಕ್ಕಿತ್ತು. ಅಲ್ಲಿನ ಮೊದಲ ಹಬ್ಬದಲ್ಲಿ ಹಿರಿಯರೊಬ್ಬರು ಕೊಟ್ಟದ್ದನ್ನು ಕ್ಯೂನಲ್ಲಿ ನಿಂತು ತೆಗೆದುಕೊಂಡೆ, ಬೆಸಾಂವ್ ಎಂದೆ, ಅವರು ಆಗಲೇ ಹಿಂದಿನವರ ಕಡೆ ನೋಡುತ್ತಿದ್ದರು. ಊರಿಗೆ ಹೋದರೆ ಬೆಂಗಳೂರಿನವಳು. ಬೆಂಗಳೂರಿನಲ್ಲಿ ಮಂಗಳೂರಿನವಳು. ನಮ್ಮವರ ನಡುವೆ ಕೂತಾಗ ನಾನು ಚಾಮರಾಜಪೇಟೆಯವಳೆಂದು ಹೇಳಿದರೆ ನಗುತ್ತಾರೆಂದು ಸುಮ್ಮನಿದ್ದೆ.

ಆ ಹಬ್ಬದ ಮಧ್ಯಾಹ್ನವೇ ಸಣ್ಣ ಡಬ್ಬಿಯಲ್ಲಿ ನೊವೆಂ ತುಂಬಿಕೊಂಡು ಬಸ್ಸು ಹತ್ತಿದೆ. ಗೌರಮ್ಮನವರ ಮನೆಯ ಮುಂದೆ ಸಾಮಾನಿನ ಗಾಡಿ, ಅದರ ಹಿಂದೆ ಜಟಕಾ. ಮಗ ಮನೆ ಮಾರಿ ಜಯನಗರದ ಕಡೆ ಹೊಸ ಬಡಾವಣೆಗೆ ಹೊರಟಿದ್ದ. ಗೌರಮ್ಮನವರು ಆಗಲೇ ಜಟಕಾದಲ್ಲಿ ಕೂತಿದ್ದರು, ತೊಡೆಯ ಮೇಲೆ ದೇವರ ಪೆಟ್ಟಿಗೆ.

"ಇವತ್ತು ಬರ್ತೀಯ ಅಂತ ಗೊತ್ತಿತ್ತು ಕಣೆ," ಎಂದರು. "ಅವನಿಗೆ ಸಾಯಂಕಾಲ ಹೋಗೋಣ ಅಂದೆ. ಕೇಳಲಿಲ್ಲ."

ಡಬ್ಬಿಯ ಮುಚ್ಚಳ ತೆಗೆದು ಹಿಡಿದೆ. ಬೀದಿಯ ಜನರ ಎದುರಿಗೇ ಅವರು ಬೆರಳಲ್ಲಿ ತೆಗೆದು, ಸೇವ್ರಮ್ಮ ಎಂದು ಕರೆದು ನನ್ನ ಅಂಗೈಗೆ ಹಾಕಿದರು. ನಾನು ಬೆಸಾಂವ್ ಎಂದೆ. ಪ್ರತಿ ವರ್ಷ ಕೊಟ್ಟಾದ ಮೇಲೆ ಹಿತ್ತಲಿಗೆ ಹೋಗಿ ಕೈ ತೊಳೆಯುತ್ತಿದ್ದರು. ಅವತ್ತು ಮನೆಗೆ ಬೀಗ, ಹಂಡೆಯೂ ಗಾಡಿ ಸೇರಿತ್ತು. ನಾನು ಡಬ್ಬಿಯನ್ನು ಹಾಗೇ ಹಿಡಿದು ನಿಂತಿದ್ದೆ, ತಗೊಳ್ಳಿ ಎನ್ನುವ ಧೈರ್ಯವಾಗಲಿಲ್ಲ. ಅವರು ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. ಮುಂದೆ ಕೂತಿದ್ದ ಮಗ ಹೊರಡು ಎಂದ. ಜಟಕಾದವನು ಕುದುರೆಯ ಲಗಾಮು ಸಡಿಲಿಸಿದ.

ನೊವೆಂ ಅಂಟಿದ ಬೆರಳನ್ನು ಗೌರಮ್ಮನವರು ಸೆರಗಿಗೆ ಒರೆಸಲಿಲ್ಲ. ಜಟಕಾ ತಿರುವು ತೆಗೆದುಕೊಳ್ಳುವಾಗ ಆ ಕೈ ಮೆಲ್ಲಗೆ ಮೇಲೆದ್ದಿತು. ಬಾಯಿಗೆ ಹೋಯಿತೋ, ಕಣ್ಣಿಗೆ ಹೋಯಿತೋ, ಹಿಂದಿನಿಂದ ನನಗೆ ಕಾಣಲಿಲ್ಲ.