ಅಂಟುವ ಗುಳಿ

ನಮ್ಮ ಮನೆಯ ಪಡ್ಡಿನ ಹಂಚಿಗೆ ಏಳು ಗುಳಿ. ಆರು ಸಾಧು, ಹಿಡಿಕೆಯ ಪಕ್ಕದ್ದೊಂದು ಹಟಮಾರಿ. ಎಷ್ಟು ಎಣ್ಣೆ ಸವರಿದರೂ, ಅರ್ಧ ಈರುಳ್ಳಿಯಿಂದ ಎಷ್ಟು ತಿಕ್ಕಿದರೂ, ಅದರೊಳಗಿನ ಪಡ್ಡು ತಳವನ್ನು ಅಲ್ಲೇ ಬಿಟ್ಟು ಮೇಲಿನ ಅರ್ಧವನ್ನಷ್ಟೇ ಚಮಚಕ್ಕೆ ಒಪ್ಪಿಸುತ್ತದೆ. ಕಬ್ಬಿಣದ ಹಂಚಿನಲ್ಲಿ ಪಡ್ಡು ಮಾಡಿದವರಾದರೆ ಇಂಥದೊಂದು ಗುಳಿಯ ಪರಿಚಯ ನಿಮಗೂ ಇದ್ದೀತು. ‘ನಮ್ಮ ಮನೆ’ ಎಂದೆನಲ್ಲ, ಅಂಥದೊಂದು ಮನೆ ಈಗಿಲ್ಲ. ನಾನು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿದ್ದೇನೆ, ಗಂಡನಾಗಿದ್ದ ಗಿರೀಶ ಸೂರತ್ತಿನ ಅಡಾಜಣ್‌ನಲ್ಲಿ. ದಯವಿಟ್ಟು ಮುಖ ಸಣ್ಣದು ಮಾಡಿಕೊಳ್ಳಬೇಡಿ. ನಾನು ಹೇಳಹೊರಟಿರುವುದು ಸಂತೋಷದ ವಿಷಯ.

ವಿಚ್ಛೇದನಕ್ಕೆ ಇಬ್ಬರೂ ಒಪ್ಪಿದ್ದೆವು. ಒಪ್ಪಿಗೆಯಾಗದೆ ಉಳಿದದ್ದು ನಮ್ಮ ಒಂಬತ್ತು ವರ್ಷದ ಅವನಿ ಎಲ್ಲಿರಬೇಕೆಂಬುದು. ಕುಟುಂಬ ನ್ಯಾಯಾಲಯ ನಮ್ಮನ್ನು ಮಧ್ಯಸ್ಥಿಕೆಗೆ ಕಳಿಸಿತ್ತು. ಅಲ್ಲೂ ಬಗೆಹರಿಯದಿದ್ದರೆ ನ್ಯಾಯಾಧೀಶರು ಮಗುವನ್ನು ತಮ್ಮ ಕೋಣೆಗೆ ಕರೆದು ‘ಅಮ್ಮನೋ, ಅಪ್ಪನೋ’ ಎಂದು ಕೇಳಬಹುದು ಎಂದು ವಕೀಲರು ಹೇಳಿದ್ದರು. ಐಸ್‌ಕ್ರೀಮ್ ಅಂಗಡಿಯಲ್ಲಿ ಎರಡು ಬಣ್ಣಗಳ ನಡುವೆ ಒಂದನ್ನು ಆರಿಸಲಾಗದೆ ಕಣ್ಣು ತುಂಬಿಕೊಳ್ಳುವ ಹುಡುಗಿ ಅವಳು. ಆ ಪ್ರಶ್ನೆ ಅವಳ ಕಿವಿಗೆ ಬೀಳಕೂಡದು ಎಂಬುದೊಂದರಲ್ಲಿ ನಮಗೆ ಭಿನ್ನಾಭಿಪ್ರಾಯವಿರಲಿಲ್ಲ. ಆದರೂ ಮೂರನೆಯ, ಕೊನೆಯ ಭೇಟಿಯ ಹೊತ್ತಿಗೆ ಮಾತೆಲ್ಲ ಬಂದು ಸಿಕ್ಕಿಕೊಂಡದ್ದು ಈ ಹಂಚಿನಲ್ಲಿ. ಭಾನುವಾರವೆಂದರೆ ಮಗಳಿಗೆ ಪಡ್ಡು. ಹಂಚು ಎಲ್ಲಿರುತ್ತದೋ ಅವನಿಯ ಭಾನುವಾರಗಳು ಅಲ್ಲಿರುತ್ತವೆ ಎಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ಆ ಕೋಣೆಯಲ್ಲಿ ನೀಲಿ ಪರದೆಯಿತ್ತು. ನೀಲಿಯೆಂದು ಬರೆದೆ, ಹಸಿರೂ ಆಗಿದ್ದಿರಬಹುದು. ಮಧ್ಯಸ್ಥಗಾರರಾದ ಜ್ಯೋತ್ಸ್ನಾಬೆನ್ ಹಿರಿಯ ವಕೀಲೆ. ತೀರ್ಪು ಕೊಡುವ ಅಧಿಕಾರ ಅವರಿಗಿರಲಿಲ್ಲ. ಬಹುಶಃ ಅದಕ್ಕೇ ಅಷ್ಟು ನಿರಾಳವಾಗಿ ಕೂತಿದ್ದರು.

“ಹುಬ್ಬಳ್ಳಿ ದುರ್ಗದಬೈಲಿನ್ಯಾಗ ನಾನೇ ಆರ್ಸಿ ತಂದದ್ದು,” ಎಂದೆ ನಾನು, ನಮ್ಮೂರ ಧಾಟಿಯ ಹಿಂದಿಯಲ್ಲಿ.

“ನಮ್ಮವ್ವ ಹಳೇ ಸೀರೇಲಿ ಸುತ್ತಿ ಕೊಟ್ಟಿದ್ದನ್ನ ಮರ್ತೇ ಬಿಟ್ಯಾ?” ಎಂದ ದಾವಣಗೆರೆಯ ಗಿರೀಶ, ತನ್ನೂರ ಧಾಟಿಯ ಹಿಂದಿಯಲ್ಲಿ.

ಅಂಗಡಿಯವನ ಮೀಸೆಯನ್ನು ನಾನು ವರ್ಣಿಸಬಲ್ಲೆ, ಸೀರೆಯ ಅಂಚನ್ನು ಅವನು ವರ್ಣಿಸಬಲ್ಲ. ಹಾಗೆ ವರ್ಣಿಸಬಲ್ಲೆನೆಂಬುದೇ ಈಗ ನನಗೆ ನನ್ನ ಮೇಲೆ ಅನುಮಾನ ಹುಟ್ಟಿಸುತ್ತದೆ. ನಿಜವಾಗಿ ನಡೆದದ್ದಕ್ಕೆ ಇಷ್ಟೊಂದು ವಿವರ ಎಲ್ಲಿಂದ ಬರಬೇಕು?

ಜ್ಯೋತ್ಸ್ನಾಬೆನ್ ತಮ್ಮ ಗುಜರಾತಿ ಬೆರೆತ ಹಿಂದಿಯಲ್ಲಿ, “ಹಂಚಿನ ಜಾತಕ ನನಗೆ ಬೇಡ. ಅದರಲ್ಲಿ ಮಾಡಿದ್ದನ್ನು ಯಾರು ತಿಂತಾರೆ, ಅದನ್ನು ಹೇಳಿ,” ಎಂದರು.

ಅಷ್ಟು ಸಾಕಾಯಿತು. ಅಲ್ಲಿಯವರೆಗೆ ಹಿಂದಿಯಲ್ಲಿ ಸಭ್ಯವಾಗಿ ನಡೆದಿದ್ದ ಜಗಳ ಒಮ್ಮೆಲೇ ಕನ್ನಡಕ್ಕೆ ಇಳಿಯಿತು. “ಹನ್ನೊಂದು ವರ್ಷ ಒಡದ ಪಡ್ಡು ನಾ ತಿಂದೀನ್ರಿ! ಚಲೋವೆಲ್ಲ ನಿಮ್ಮಿಬ್ಬರ ತಾಟಿಗೆ. ಒಂದಿನಾರ ನೋಡೀರೇನು?”

ಜ್ಯೋತ್ಸ್ನಾಬೆನ್ ಪೆನ್ನು ಕೆಳಗಿಟ್ಟು ನನ್ನತ್ತ ಕೈ ತೋರಿದರು. “ಗಿರೀಶ್‌ಭಾಯ್, ಈ ಬೆನ್ ಏನಂದರೋ ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ನೀವೇ ಈ ಬೆನ್ ಆಗಿ ನನಗೆ ಹೇಳಿ.”

ಅರ್ಧ ನುಂಗಿ ಹೇಳುತ್ತಾನೆಂದು ನಾನು ಕಾದು ಕೂತೆ. ಅವನು ಮೇಜನ್ನು ನೋಡುತ್ತ, ಎಡವುವ ಹಿಂದಿಯಲ್ಲಿ, “ಹನ್ನೊಂದು ವರ್ಷ ಒಡೆದದ್ದನ್ನೆಲ್ಲ ನಾನೇ ತಿಂದೆ. ಯಾರೂ ನೋಡಲಿಲ್ಲ,” ಎಂದ. ಆಮೇಲೆ ತಾನು ಮತ್ತೆ ತಾನಾಗಿ, “ನೋಡಿದ್ದೆ, ಬೆನ್. ಹೇಳಕ್ಕೆ ಬರಲಿಲ್ಲ,” ಎಂದ.

ಈಗ ನನ್ನ ಸರದಿ. ಗಿರೀಶ ನನ್ನ ಕಡೆ ತಿರುಗಿದ. “ಸೌಟು ಮುಟ್ಟಿದ್ರೆ ಸಾಕು, ‘ಹಂಚು ಹಾಳಾಕ್ಕೈತಿ, ಹೊರಗ ನಡೀರಿ’ ಅಂತಿದ್ದೆ. ನನ್ ಮಗಳಿಗೆ ಒಂದಿನ ಮಾಡಿ ಹಾಕೋಕೆ ಬಿಟ್ಟಿದ್ಯೇನೇ?” ಅವನಾಗಿ ನಾನು ಹೇಳಬೇಕಾಯಿತು: ಮಗಳಿಗೆ ನನ್ನ ಕೈಯಾರೆ ಮಾಡಿ ಹಾಕುವ ಆಸೆಯಿತ್ತು, ನನ್ನನ್ನು ಹೊರಗೆ ಕಳಿಸಿದರು. ಇನ್ನೊಬ್ಬರ ದೂರು ನಮ್ಮದೇ ನಾಲಗೆಯ ಮೇಲೆ ಬಂದಾಗ ಅದಕ್ಕೆ ಎದುರುತ್ತರ ಕೊಡುವ ಬಾಯಿ ಖಾಲಿಯಿರುವುದಿಲ್ಲ. ಇಷ್ಟು ಸಣ್ಣ ಸಂಗತಿಯನ್ನು ಕಲಿಯಲು ನನಗೆ ಒಂದು ಮದುವೆ, ಒಬ್ಬ ಕನ್ನಡ ಬಾರದ ವಕೀಲೆ ಬೇಕಾಯಿತು.

“ಹಾಗಾದರೆ ಹಂಚು ಯಾರಿಗೆ?” ಎಂದರು ಜ್ಯೋತ್ಸ್ನಾಬೆನ್.

“ಅವಳೇ ಇಟ್ಕೊಳ್ಳಲಿ.”

“ಬ್ಯಾಡ, ಅವರೇ ಒಯ್ಲಿ.”

“ಅರೇ, ಇದು ಹೊಸ ಜಗಳ!” ಎಂದು ಅವರು ನಕ್ಕು ಚಹಾ ತರಿಸಿದರು. ಮೂವರೂ ನಕ್ಕೆವು. ಮದುವೆಯ ಕೊನೆಯ ವರ್ಷಗಳಲ್ಲಿ ನಾವಿಬ್ಬರೂ ಒಂದೇ ಮಾತಿಗೆ ಒಟ್ಟಿಗೆ ನಕ್ಕದ್ದು ನನಗೆ ನೆನಪಿಲ್ಲ. ನನ್ನ ನೆನಪಿನ ಮಟ್ಟವನ್ನು ನೀವು ಈಗಾಗಲೇ ಬಲ್ಲಿರಿ.

ಶಾಲೆಯ ದಿನಗಳಲ್ಲಿ ಅವನಿ ನನ್ನೊಂದಿಗೆ, ವಾರ ಬಿಟ್ಟು ವಾರ ಶನಿವಾರ-ಭಾನುವಾರ ಮತ್ತು ಅರ್ಧ ರಜೆ ಸೂರತ್ತಿನಲ್ಲಿ, ಕರೆದೊಯ್ಯುವುದು ಒಪ್ಪಿಸುವುದು ದಾರಿ ನಡುವಿನ ವಡೋದರಾ ನಿಲ್ದಾಣದಲ್ಲಿ, ಹಂಚು ಗಿರೀಶನಿಗೆ ಎಂದು ಬರೆದು ಸಹಿ ಹಾಕಿದೆವು. ಅವನಿಯನ್ನು ಯಾರೂ ಏನೂ ಕೇಳಲಿಲ್ಲ.

ಮೊದಲ ಭಾನುವಾರ ಸಂಜೆ ವಡೋದರಾದ ಪ್ಲಾಟ್‌ಫಾರ್ಮಿನಲ್ಲಿ ಅವನು ಮಗಳ ಜೊತೆಗೆ ಒಂದು ಸ್ಟೀಲ್ ಡಬ್ಬಿಯನ್ನೂ ಒಪ್ಪಿಸಿದ. ಅವನ ಅಂಗಿಯ ತೋಳಿನಲ್ಲಿ ಹಿಟ್ಟು ಒಣಗಿತ್ತು. ರೈಲು ಹೊರಟ ಮೇಲೆ ಮುಚ್ಚಳ ತೆಗೆದೆ: ದುಂಡಗೆ, ಕೆಂಪಗೆ ಹನ್ನೆರಡು ಪಡ್ಡು.

“ಎರಡು ಸಲ ಹುಯ್ದರ ಹದಿನಾಲ್ಕು ಆಗ್ಬೇಕಲ್ಲ, ಇನ್ನೆರಡು ಎಲ್ಲಿ?”

“ಎ ತೋ ತೂಟಿ ಗಯಾ, ಮಮ್ಮಿ,” ಎಂದಳು ಅವನಿ, ಒಡೆದುಹೋದವು ಎಂದು ಗುಜರಾತಿಯಲ್ಲಿ. ಕನ್ನಡ ಅವಳಿಗೆ ಕಡೆಯಲ್ಲಿ ಬರುವ ಭಾಷೆ. “ಅದು ಪಪ್ಪಾ ತಿಂದ್ರು. ಮಮ್ಮಿಗೆ ಗೋಲ್ ಗೋಲ್ ಇಡು ಅಂದ್ರು.”

ಒಂದನ್ನು ಬಾಯಿಗಿಟ್ಟೆ. ಇಡಿಯಾದ ಪಡ್ಡು, ಒಳಗೆ ಮೆತ್ತಗೆ, ಉಪ್ಪು ತುಸು ಮುಂದು. ಹನ್ನೊಂದು ವರ್ಷ ಬಯಸಿದ್ದು ಇದನ್ನೇ ಅಲ್ಲವೇ? ಆದರೆ ನಾಲಗೆ ಇನ್ನೇನನ್ನೋ ಹುಡುಕುತ್ತಿತ್ತು. ಹಂಚಿನ ತಳದಿಂದ ಚಮಚದ ಅಂಚಿನಲ್ಲಿ ಕೆರೆದು ತೆಗೆಯುವ ಆ ಗರಿಗರಿ ಕರಕಲು, ಬಿಸಿಬಿಸಿ, ಒಲೆಯ ಮುಂದೆ ನಿಂತೇ ತಿನ್ನುವಂಥದ್ದು. ಅದನ್ನು ನಾನು ತ್ಯಾಗವೆಂದು ತಿಂದೆನೋ, ಎಲ್ಲಕ್ಕಿಂತ ಅದೇ ರುಚಿಯೆಂದು ಯಾರಿಗೂ ಹೇಳದೆ ತಿಂದೆನೋ? ಜ್ಯೋತ್ಸ್ನಾಬೆನ್ ಎದುರು ಕಣ್ಣು ತುಂಬಿ ಹೇಳಿದ್ದು ಎಷ್ಟು ನಿಜ?

ನಾಚಿಕೆಗಿಂತ ಹೆಚ್ಚಾಗಿ ನಗು ಬಂತು. ಫೋನು ತೆಗೆದು ಗಿರೀಶನಿಗೆ ಬರೆದೆ: “ಮುಂದಿನ ಸಲ ಒಡದದ್ದರಾಗ ಒಂದು ನನಗ ಇಡ್ರಿ.”

ಆಣಂದ್ ಬರುವ ಮೊದಲೇ ಉತ್ತರ ಬಂತು: “ಕೊಡಲ್ಲ. ಬೇಕಿದ್ರೆ ಜ್ಯೋತ್ಸ್ನಾಬೆನ್ ಹತ್ರ ಹೋಗು.”